ಕೈಲಾಗದ ಪಕ್ಷದಲ್ಲಿ

ಜನವರಿ ೯, ಗುರುವಾರ

ದಂತ ಆಸ್ಪತ್ರೆಯ ಖರೀದಿ ಅಧಿಕಾರಿ ಇವತ್ತು ತಾವೇ ನಮ್ಮ ಲ್ಯಾಬಿಗೆ ಬಂದಿದ್ದರು. ಸ್ಟೂಲು ಎಳೆದುಕೊಟ್ಟರೆ ಕೂರುವ ಮೊದಲು ಬೆರಳಲ್ಲಿ ಸವರಿ ಧೂಳು ನೋಡಿಕೊಂಡರು. ಹಲ್ಲು ಕಟ್ಟುವ ಜಾಗದಲ್ಲಿ ಪ್ಲಾಸ್ಟರಿನ ಪುಡಿ ಇಲ್ಲದ ಸ್ಟೂಲನ್ನು ಎಲ್ಲಿಂದ ತರಲಿ? ಅತ್ತಿಗೆ ತಮ್ಮ ಏಪ್ರನ್ನಿನ ತುದಿಯಿಂದ ಒರೆಸಿ ಕೊಟ್ಟರು.

ಅವರು ಬಂದ ಕಾರಣ ಕೇಳಿ ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಇನ್ನು ಮುಂದೆ ಆಸ್ಪತ್ರೆಯ ಅಷ್ಟೂ ಹಲ್ಲುಸೆಟ್ಟುಗಳ ಕೆಲಸ ಒಂದೇ ಲ್ಯಾಬಿಗೆ ಹೋಗುತ್ತದಂತೆ. ನಮಗೇ ಕೊಡುವ ಮನಸ್ಸಿದೆ. ಆದರೆ ಎಲ್ಲವೂ ಕರಾರಿನ ಮೇಲೆ ನಡೆಯಬೇಕು.

"ನಿಮ್ಮ ಪಾಲುದಾರಿಕೆ ಪತ್ರದ ಒಂದು ನಕಲು ಕೊಡಿ," ಅಂದರು.

"ಪತ್ರ ಗಿತ್ರ ಏನೂ ಇಲ್ಲ ಸರ್."

"ಮತ್ತೆ ಇಬ್ಬರೂ ಯಾತರ ಮೇಲೆ ನಡೆಸ್ತಿದ್ದೀರಿ?"

ಮೇಣದ ಚಾಕುವನ್ನು ದೀಪಕ್ಕೆ ಹಿಡಿದಿದ್ದ ಅತ್ತಿಗೆ ತಲೆ ಎತ್ತದೆ ಹೇಳಿದರು: "ಬಾಯಿ ಮಾತಿನ ಮೇಲೆ. ನಮ್ದು ಬಾಯಿ ಕೆಲಸಾನೇ ಅಲ್ವಾ?"

ನಾನು ನಕ್ಕೆ. ಅಧಿಕಾರಿ ನಗಲಿಲ್ಲ.

ಅವರು ಹೋದ ಮೇಲೆ ಯೋಚಿಸಿದೆ. ಈ ಲ್ಯಾಬು ಅಣ್ಣ ಕಟ್ಟಿದ್ದು. ಅವನು ತೀರಿಕೊಂಡ ವಾರ, ಪಾತ್ರೆ ತೊಳೆಯುತ್ತಾ ಅತ್ತಿಗೆ "ಅರ್ಧ ನಿಂದು, ಅರ್ಧ ನಂದು, ಸರಿನಾ ಮರಿ?" ಅಂದಿದ್ದರು. ನಾನು "ಸರಿ" ಅಂದಿದ್ದೆ. ಅಷ್ಟೇ ನಮ್ಮ ಕರಾರು. ಅಂದಿನಿಂದ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವುದು, ಕುದಿಸುವುದು, ಡಾಕ್ಟರುಗಳ ಹತ್ತಿರ ಓಡಾಡುವುದು ನನ್ನದು. ಮೇಣದಲ್ಲಿ ಹಲ್ಲು ಕೂರಿಸುವುದು ಅವರದು. ಕೆಳಗೆ ಲ್ಯಾಬು, ಮೇಲೆ ಮನೆ. ಅತ್ತಿಗೆ ಈ ಮನೆಗೆ ಬಂದಾಗ ನಾನು ಸ್ಕೂಲಿಗೆ ಹೋಗುತ್ತಿದ್ದೆ. ಈಗ ಐವತ್ತು ಹತ್ತಿರ ಬಂತು, ಅವರ ಬಾಯಲ್ಲಿ ಇನ್ನೂ ಮರಿಯೇ.

ಜನವರಿ ೧೭

ವಕೀಲರ ಆಫೀಸಿನಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ಒಳ್ಳೆಯ ಮನುಷ್ಯ. ಮಾತು ಮಾತ್ರ ಔಷಧಿ ಅಂಗಡಿಯವರ ಹಾಗೆ, ಎಲ್ಲವೂ ಒಂದೇ ದನಿಯಲ್ಲಿ.

"ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ?"

ಅತ್ತಿಗೆ ನನ್ನ ಮುಖ ನೋಡಿದರು, ನಾನು ಅವರದು ನೋಡಿದೆ. ಇಬ್ಬರಿಗೂ ತಡೆಯಲಾರದ ನಗು. ಹುಡುಗಿಯರ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆವು.

"ಜಗಳ ಆದರೆ?"

"ದಿನಾ ಆಗತ್ತೆ," ಅಂದರು ಅತ್ತಿಗೆ. "ಕಿಟಕಿ ತೆಗಿಬೇಕಾ ಮುಚ್ಚಬೇಕಾ ಅಂತ."

"ಅದನ್ನ ಬರೆಯೋದು ಬೇಡ ಬಿಡಿ. ಒಬ್ಬರಿಗೆ ಕೆಲಸ ಕೈಲಾಗದೆ ಹೋದರೆ?"

ಇದಕ್ಕೆ ನಾನೇ ಉತ್ತರ ಕೊಟ್ಟೆ. ಹೋದ ವರ್ಷ ಸೊಂಟ ಹಿಡಿದು ನಾನು ಹಾಸಿಗೆ ಬಿಟ್ಟು ಏಳಲಾರದೆ ಮಲಗಿದ್ದಾಗ ಅತ್ತಿಗೆ ಒಬ್ಬರೇ ಎರಡೂ ಕೆಲಸ ಮಾಡಿ ಸೊರಗಿ ಕಡ್ಡಿಯಾಗಿದ್ದರು. ಆದ್ದರಿಂದ, ಕೈಲಾಗದವರ ಪಾಲನ್ನು ಇನ್ನೊಬ್ಬರು ಕೊಂಡು, ಬೇರೆ ಯಾರನ್ನಾದರೂ ಸೇರಿಸಿಕೊಳ್ಳುವ ಹಾಗೆ ಇರಲಿ ಅಂದೆ.

"ಬೇಡ," ಅಂದರು ಅತ್ತಿಗೆ. "ಇವಳು ಮಲಗಿದ್ರೆ ನಾನು ಇವಳ ಪಾಲು ಕಿತ್ಕೊಳ್ಳೋದಾ?"

"ಕಿತ್ಕೊಳ್ಳೋದಲ್ಲ ಅಮ್ಮಾ, ಕೊಂಡುಕೊಳ್ಳೋದು," ಅಂದರು ವಕೀಲರು.

"ಎರಡೂ ಒಂದೇ."

ನಾನು ಹಟ ಹಿಡಿದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದೆ. ಕೊನೆಗೆ "ಏನಾದ್ರೂ ಬರ್ಕೊಳ್ಳಿ, ನನಗೆ ಒಂದು ಕಾಫಿ ಕೊಡಿಸು" ಅಂದು ಸುಮ್ಮನಾದರು.

ಜನವರಿ ೨೮

ಸಹಿ ಆಯಿತು. ಪುಟಪುಟಕ್ಕೂ ಸಹಿ. "ಮದುವೆ ದಿನಾನೂ ಇಷ್ಟು ಸಲ ಒಪ್ಕೊಂಡಿರಲಿಲ್ಲ ನಾನು," ಎಂದು ಅತ್ತಿಗೆ ಗುಮಾಸ್ತರನ್ನು ನಗಿಸಿದರು.

ನಾನು ಹೇಳಿ ಬರೆಸಿದ್ದು ಹನ್ನೊಂದನೆಯ ಕಲಮು. ಓದಲು ಎಷ್ಟು ಗಂಭೀರ! "ಉಭಯ ಪಾಲುದಾರರಲ್ಲಿ ಯಾರೊಬ್ಬರಿಗಾದರೂ ಅನಾರೋಗ್ಯದಿಂದಾಗಲಿ ಇನ್ನಾವುದೇ ಕಾರಣದಿಂದಾಗಲಿ ಸತತ ಮೂರು ತಿಂಗಳ ಕಾಲ ಕೆಲಸ ಕೈಲಾಗದ ಪಕ್ಷದಲ್ಲಿ, ಇನ್ನೊಬ್ಬರು ಲಿಖಿತ ನೋಟೀಸು ಕೊಟ್ಟು ಅವರ ಪಾಲನ್ನು ವಹಿಸಿಕೊಳ್ಳಬಹುದು." ಸಂಜೆ ಇದನ್ನು ನಾಟಕದ ದನಿಯಲ್ಲಿ ಓದಿ ಹೇಳಿದೆ. ಅತ್ತಿಗೆ ಹಾಲು ಕಾಯಿಸುತ್ತಾ, "ಪಾತ್ರೆ ತೊಳೆಯೋಕೆ ಕೈಲಾಗದ ಪಕ್ಷದಲ್ಲಿ?" ಅಂದರು.

ಫೆಬ್ರವರಿ ೨೪

ಆಸ್ಪತ್ರೆಯ ಕೆಲಸ ಶುರುವಾಗಿ ಎರಡು ವಾರ. ಬೆಳಿಗ್ಗೆ ಒಂದು ಡಬ್ಬಿ ತುಂಬ ಬಾಯಿಗಳು ಬರುತ್ತವೆ, ರೋಗಿಗಳ ಬಾಯಿಂದ ತೆಗೆದ ಅಚ್ಚುಗಳು. ಮುಟ್ಟಿದರೆ ಇನ್ನೂ ಒದ್ದೆ. ಬೇರೆ ಡಾಕ್ಟರುಗಳ ಕೆಲಸವನ್ನು ಒಂದೊಂದಾಗಿ ಬಿಡಬೇಕಾಯಿತು. ನಮ್ಮನ್ನು ಇಷ್ಟು ವರ್ಷ ಸಾಕಿದ ಮೂಲೆ ಕ್ಲಿನಿಕ್ಕಿನ ಮುದಿ ಡಾಕ್ಟರು "ದೊಡ್ಡವರ ಸಹವಾಸ, ಹುಷಾರು" ಅಂದರು. ಹೊಟ್ಟೆಕಿಚ್ಚಿರಬೇಕು.

ಕರಾರು ಬಿಗಿಯಾಗಿದೆ. ಹೇಳಿದ ದಿನಕ್ಕೆ ಕೊಡಬೇಕು. ಒಂದೇ ತಿಂಗಳಲ್ಲಿ ಮೂರು ಸೆಟ್ಟು ವಾಪಸು ಬಂದರೆ ಅವರು ಕರಾರು ಮುರಿಯಬಹುದು. ನಮ್ಮ ಸೆಟ್ಟು ವಾಪಸು ಬಂದದ್ದೇ ನೆನಪಿಲ್ಲ.

ಮಾರ್ಚ್ ೧೯

ಒಂದು ವಾಪಸು ಬಂತು. ಯಾರೋ ಅಜ್ಜನದು. ಬಾಯಿ ಮುಚ್ಚಿದರೆ ಎಡಗಡೆ ಮಾತ್ರ ಕಚ್ಚುತ್ತದಂತೆ, ಬಲಗಡೆ ಗಾಳಿ. ಅಚ್ಚು ಸರಿಯಾಗಿಯೇ ಇದೆ. ಹಲ್ಲು ಕೂರಿಸಿದ್ದೇ ತಪ್ಪಿದೆ. ಅತ್ತಿಗೆ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಏಪ್ರಿಲ್ ೨

ಇವತ್ತು ನೋಡಿಬಿಟ್ಟೆ. ಅತ್ತಿಗೆ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡು ಹಲ್ಲು ಕೂರಿಸುತ್ತಿದ್ದರು. ನನ್ನ ಹೆಜ್ಜೆ ಕೇಳಿ ಎಡಗೈ ಬಿಟ್ಟರು. ಬಿಟ್ಟ ಕೂಡಲೇ ಚಾಕು ಪ್ಲಾಸ್ಟರಿನ ಮೇಲೆ ಟಕಟಕ ಬಡಿಯಿತು.

"ಏನಿದು ಅತ್ತಿಗೆ?"

"ಚಳಿ."

ಬೆವರು ಸುರಿಯುವ ಬೇಸಿಗೆ. "ಯಾವಾಗಿಂದ?" ಅಂದೆ. "ಹಲ್ಲು ಕಚ್ಕೊಂಡು ಹಿಡಿದ್ರೆ ನಿಲ್ತಿತ್ತು ಮರಿ," ಅಂದರು. "ಈಗ ಅದಕ್ಕೂ ಬಗ್ತಾ ಇಲ್ಲ."

ಏಪ್ರಿಲ್ ೧೧

ನರದ ಡಾಕ್ಟರು ಕಾಗದದ ಮೇಲೆ ಸುರುಳಿ ಬರೆಯಿರಿ ಅಂದರು. ಅತ್ತಿಗೆ ಬರೆದದ್ದು ಸಿಕ್ಕು ಬಿದ್ದ ದಾರದ ಹಾಗಿತ್ತು. ಡಾಕ್ಟರು ಅದನ್ನು ಫೈಲಿಗೆ ಸೇರಿಸಿ, "ಇದು ಹೋಗೋ ಕಾಯಿಲೆ ಅಲ್ಲ. ನಿಧಾನ ಮಾಡಬಹುದು ಅಷ್ಟೆ," ಅಂದರು.

"ನನ್ನ ಕೆಲಸ?"

"ಏನು ಕೆಲಸ?"

ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದೇ ಉತ್ತರ.

ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ. ತಿರುಗಿ ಹೇಳಿದರು: "ಒಂದು ಅನುಕೂಲ ಆಯ್ತು ನೋಡು. ಹಲ್ಲುಜ್ಜೋವಾಗ ಇನ್ನು ಬ್ರಷ್ ಹಿಡ್ಕೊಂಡ್ರೆ ಸಾಕು."

ಆಗ ಅಳು ಬಂದದ್ದು ನನಗೆ.

ಮೇ ೫

ಹಲ್ಲು ಕೂರಿಸುವುದೂ ನನ್ನದೇ ಆಗಿದೆ. ನನಗೆ ಆ ಕೈ ಇಲ್ಲ. ನಾನು ಕೂರಿಸಿದ ಹಲ್ಲು ಹಲ್ಲಿನ ಹಾಗೆ ಇರುತ್ತದೆ. ಅತ್ತಿಗೆ ಕೂರಿಸಿದ್ದು ಆ ಮನುಷ್ಯನ ಹಾಗೆ ಇರುತ್ತಿತ್ತು.

ಅವರು ಈಗಲೂ ಬೆಳಿಗ್ಗೆ ಇಳಿದು ಬಂದು ತಮ್ಮ ಮೇಜಿನ ಮುಂದೆ ಕೂರುತ್ತಾರೆ. ಬೇಡ ಅನ್ನಲು ಬಾಯಿ ಬರದೆ ಒಂದು ಸೆಟ್ಟು ಕೊಡುತ್ತೇನೆ. ಮಾರನೆಯ ದಿನ ಅವರು ಏಳುವ ಮೊದಲೇ ನಾನು ಇಳಿದು ಅದನ್ನು ಕಿತ್ತು ಮತ್ತೆ ಕೂರಿಸುತ್ತೇನೆ.

ಮೇ ೧೪

ಗೊತ್ತಾಗಿಬಿಟ್ಟಿತು. ಟ್ರೇಯಿಂದ ಸೆಟ್ಟನ್ನು ಎತ್ತಿ, "ಇದು ನಾನು ಮಾಡಿದ್ದಲ್ಲ," ಅಂದರು.

"ನಿಮ್ಮದೇ."

"ಈ ಕೋರೆಹಲ್ಲು ನೆಟ್ಟಗೆ ನಿಂತಿದೆ. ನಾನು ಯಾವತ್ತೂ ನೆಟ್ಟಗೆ ನಿಲ್ಲಿಸಲ್ಲ ಮರಿ. ಯಾರಿಗೂ ಹಾಗೆ ಇರಲ್ಲ."

ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಮೇಲೆ ಹೋದರು. ಮೆಟ್ಟಿಲ ಸದ್ದು ಎಣಿಸುತ್ತಾ ನಿಂತಿದ್ದೆ. ಹಿಂದೆ ಹೋಗಬೇಕಿತ್ತು. ಹನ್ನೆರಡಕ್ಕೆ ಡಬ್ಬಿ ಕಳಿಸಬೇಕಾಗಿತ್ತು.

ಮೇ ೩೦

ಈ ತಿಂಗಳು ಎರಡು ವಾಪಸು. ಎರಡೂ ನನ್ನ ಕೈಯವೇ.

ಖರೀದಿ ಅಧಿಕಾರಿಯ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಕಾಯಿಲೆ, ಔಷಧಿ, ನಾನೊಬ್ಬಳೇ. ಸ್ವಲ್ಪ ಕಾಲಾವಕಾಶ ಕೊಡಿ ಅಂದೆ. ಅವರು ಕೇಳಿದರು, ಪೂರ್ತಿ ಕೇಳಿದರು. ಆಮೇಲೆ ಡ್ರಾಯರಿನಿಂದ ಕರಾರು ತೆಗೆದು ನನ್ನ ಕಡೆ ತಿರುಗಿಸಿಟ್ಟರು.

"ನಿಮ್ಮ ಮನೆ ಕಷ್ಟ ಇದರಲ್ಲಿ ಎಲ್ಲಿದೆ ತೋರಿಸಿ ಮೇಡಂ, ನಾನು ಒಪ್ಕೊಳ್ತೀನಿ."

ಇರಲಿಲ್ಲ.

ಜೂನ್ ೩

ಬೆನ್ನು ನೋವು. ಬೇರೇನಿಲ್ಲ.

ಜೂನ್ ೨೩

ಒಬ್ಬ ಸಿಕ್ಕಿದ್ದಾನೆ. ಮೂವತ್ತೈದರ ಆಸುಪಾಸು. ಯಾವುದೋ ದೊಡ್ಡ ಲ್ಯಾಬಿನಲ್ಲಿ ಇದ್ದವನು. ಪರೀಕ್ಷೆಗೆಂದು ಒಂದು ಸೆಟ್ಟು ಕೊಟ್ಟೆ. ಮಾತಾಡುತ್ತಾ, ಪಟಪಟ ಅಂತ ಹಲ್ಲು ಕೂರಿಸಿ ಮುಗಿಸಿದ. ಚೆನ್ನಾಗಿದೆ. ನನ್ನದಕ್ಕಿಂತ ಬಹಳ ಚೆನ್ನಾಗಿದೆ.

"ಸಂಬಳಕ್ಕೆ ಬರಲ್ಲ ಮೇಡಂ. ಪಾಲು ಕೊಟ್ರೆ ನಾಳೆಯಿಂದಾನೇ ಬರ್ತೀನಿ."

ನನ್ನ ಅರ್ಧದಲ್ಲಿ ಕೊಡುತ್ತೇನೆ ಅಂದೆ. ಅವನು ನಕ್ಕ. "ಕೆಲಸ ಮಾಡೋರು ಇಬ್ಬರು, ಪಾಲು ಮೂರಾ?"

ಜುಲೈ ೧

ವಕೀಲರ ಹತ್ತಿರ ಹೋಗಿದ್ದೆ. ಅವರು ಪತ್ರ ತೆಗೆದು ಬೆರಳಿಟ್ಟು ತೋರಿಸಿದರು. ಹನ್ನೊಂದನೆಯ ಕಲಮು. ನನ್ನದೇ ಮಾತು.

"ನಾನು ಮಾಡಿ ಅಂತ ಹೇಳ್ತಿಲ್ಲ," ಅಂದರು. "ದಾರಿ ಇದೆ ಅಂತ ಹೇಳ್ತಿದ್ದೀನಿ. ಆದರೆ ನೋಟೀಸು ಲಿಖಿತವಾಗಿರಬೇಕು. ತಲುಪಿದ್ದಕ್ಕೆ ಸಹಿ ಬೇಕು. ಅಂಚೆಯಲ್ಲಿ ರಿಜಿಸ್ಟರ್ ಮಾಡಿಸಿ."

"ಒಂದೇ ಮನೆಯಲ್ಲಿದ್ದೀವಿ ಸರ್."

"ಆದ್ರೂ."

ಮನೆಗೆ ಬಂದರೆ ಅತ್ತಿಗೆ ಎರಡೂ ಕೈಯಿಂದ ತಟ್ಟೆ ಲೋಟ ಹಿಡಿದು ಚಹಾ ತಂದುಕೊಟ್ಟರು. ಅರ್ಧ ತಟ್ಟೆಯಲ್ಲಿತ್ತು.

ಜುಲೈ ೧೫

ಈ ತಿಂಗಳೂ ಆಗಲೇ ಎರಡು ವಾಪಸು ಬಂದಿವೆ. ಇನ್ನೊಂದು ಬಂದರೆ ಆಸ್ಪತ್ರೆ ಕೈಬಿಡುತ್ತದೆ. ಕೈಬಿಟ್ಟರೆ ಔಷಧಿಗೆ ಏನು ಮಾಡುವುದು? ನಾನು ಇದನ್ನು ಮಾಡುತ್ತಿರುವುದು ಅವರಿಗಾಗಿಯೇ. ಲ್ಯಾಬು ಉಳಿದರೆ ತಾನೆ ಅವರನ್ನು ನೋಡಿಕೊಳ್ಳಬಹುದು. ಇದನ್ನು ಬಾಯಲ್ಲಿ ಹೇಳೋಣವೆಂದು ನಾಲ್ಕು ದಿನ ಬಾಯಿ ತೆರೆದೆ, ನಾಲ್ಕು ದಿನವೂ ಬೇರೆ ಏನೋ ಹೇಳಿದೆ. ಮಾತ್ರೆ ತಗೊಂಡ್ರಾ, ಗ್ಯಾಸ್ ಆಫ್ ಮಾಡಿದ್ರಾ.

ಇವತ್ತು ಅಂಚೆ ಕಚೇರಿಗೆ ಹೋದೆ. ಕಳಿಸುವವರ ವಿಳಾಸ, ತಲುಪುವವರ ವಿಳಾಸ, ಎರಡೂ ಒಂದೇ. ಕೌಂಟರಿನ ಹೆಂಗಸು, "ತಪ್ಪು ಬರೆದಿದ್ದೀರಾ ನೋಡಿ," ಅಂದರು.

"ಇಲ್ಲ. ಸರಿಯಾಗಿದೆ."

ಜುಲೈ ೧೭

ಅಂಚೆಯವನು ಮೇಲೆ ಬಂದಾಗ ನಾನು ಒಲೆಯ ಮುಂದಿದ್ದೆ. ಅತ್ತಿಗೆ ಬಾಗಿಲು ತೆಗೆದರು. "ನನಗಾ? ನನಗೆ ಯಾರು ಬರೀತಾರೆ?" ಅನ್ನುತ್ತಾ ನಗುತ್ತಿದ್ದದ್ದು ಕೇಳಿಸಿತು. ಸಹಿ ಮಾಡಲು ಬಹಳ ಹೊತ್ತಾಯಿತು. ಅಂಚೆಯವನು ಪಾಪ, "ಆತುರ ಇಲ್ಲಮ್ಮ, ಆತುರ ಇಲ್ಲ," ಅನ್ನುತ್ತಿದ್ದ.

ನಾನು ಸೌಟು ತಿರುಗಿಸುತ್ತಲೇ ಇದ್ದೆ.

ಅವರು ಲಕೋಟೆ ಹರಿಯಲಾರದೆ ನನ್ನ ಹತ್ತಿರವೇ ತಂದರು. "ಸ್ವಲ್ಪ ಬಿಚ್ಚಿಕೊಡು ಮರಿ." ಬಿಚ್ಚಿಕೊಟ್ಟೆ. ಕಿಟಕಿಯ ಹತ್ತಿರ ನಿಂತು ಓದಿದರು. ಕಾಗದ ಅಲುಗಾಡುವ ಸದ್ದು ಅಡಿಗೆಮನೆ ತುಂಬ.

ಓದಿ ಮುಗಿಸಿ ಮಡಿಸಲು ನೋಡಿದರು, ಆಗಲಿಲ್ಲ. ಹಾಗೇ ಮೇಜಿನ ಮೇಲಿಟ್ಟರು.

"ಬಾಯಲ್ಲೇ ಹೇಳಬಹುದಿತ್ತಲ್ಲ."

"ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕೆ ಬರಲ್ಲವಂತೆ ಅತ್ತಿಗೆ."

"ಓಹೋ," ಅಂದರು. ಪಾತ್ರೆಯ ಕಡೆ ನೋಡಿ: "ಒಲೆ ಸಣ್ಣ ಮಾಡು. ತಳ ಹಿಡೀತಿದೆ."

ಜುಲೈ ೨೭, ಭಾನುವಾರ

ಅಣ್ಣನ ಮಗಳು ಬಂದಿದ್ದಳು. ಬಸ್ಸಿಳಿದವಳು ನೇರ ಲ್ಯಾಬಿಗೆ ಬಂದಳು, ಮೇಲೆ ಹೋಗಲಿಲ್ಲ. ನಾನು ಎತ್ತಿ ಆಡಿಸಿದ ಕೂಸು. ಮುಖ ಅಣ್ಣನದೇ, ಕೋಪ ಬಂದಾಗ ಮೂಗಿನ ಹೊಳ್ಳೆ ಬಿಳಿಚಿಕೊಳ್ಳುವುದೂ ಅವನ ಹಾಗೆಯೇ.

"ಅಮ್ಮ ಫೋನಲ್ಲಿ ಏನೂ ಹೇಳಲಿಲ್ಲ ಅತ್ತೆ. ಒಂದು ಕಾಗದ ಬಂದಿದೆ, ಓದಿ ಹೇಳು ಅಂದ್ರು ಅಷ್ಟೆ."

ಪತ್ರದಲ್ಲಿ ಇರುವುದನ್ನೇ ಮಾಡಿದ್ದೇನೆ ಅಂದೆ. ಇಬ್ಬರೂ ಒಪ್ಪಿ ಸಹಿ ಹಾಕಿದ್ದು. ಕರಾರಿನಲ್ಲಿ ಅಡ್ಡಿ ಇಲ್ಲ.

ಅವಳು ಚೀಲದಿಂದ ಪತ್ರದ ನಕಲು ತೆಗೆದು, ಹನ್ನೊಂದನೆಯ ಕಲಮಿನ ಕೊನೆಯ ಪದದ ಮೇಲೆ ಉಗುರಿಟ್ಟಳು.

"'ವಹಿಸಿಕೊಳ್ಳಬಹುದು' ಅಂತ ಇದೆ ಅತ್ತೆ. ವಹಿಸಿಕೊಳ್ಳಬೇಕು ಅಂತ ಇಲ್ಲ."

ಪ್ಲಾಸ್ಟರ್ ಗಟ್ಟಿಯಾಗುತ್ತಿದೆ, ಆಮೇಲೆ ಮಾತಾಡೋಣ ಅಂದೆ. ನಿಜಕ್ಕೂ ಗಟ್ಟಿಯಾಗುತ್ತಿತ್ತು.

ಅತ್ತಿಗೆ ತಮ್ಮ ಪಾಲು ಬಿಟ್ಟುಕೊಟ್ಟಿದ್ದಾರೆಂದು ವಕೀಲರು ಬರೆದುಕೊಟ್ಟಿದ್ದ ಬಿಡುಗಡೆ ಪತ್ರಕ್ಕೆ ಅವಳು ಸಹಿ ಹಾಕಿಸಲು ಬಿಡಲಿಲ್ಲ. "ಅಮ್ಮ ಇನ್ನು ನಿಮ್ಮ ಯಾವ ಕಾಗದಾನೂ ಮುಟ್ಟಲ್ಲ."

ಆಗಸ್ಟ್ ೩

ಅತ್ತಿಗೆಯನ್ನು ಕರೆದುಕೊಂಡು ಹೋದಳು. ಎರಡು ಪೆಟ್ಟಿಗೆ, ಒಂದು ದಿಂಬು. ಟ್ಯಾಕ್ಸಿ ಹತ್ತುವ ಮೊದಲು ಅತ್ತಿಗೆ ಫ್ರಿಜ್ಜಿನಲ್ಲಿ ಏನೇನು ಇದೆ, ಯಾವುದನ್ನು ಮೊದಲು ಖಾಲಿ ಮಾಡಬೇಕು ಎಂದು ಹೇಳಿದರು. ನಾನು ಹೂಂ ಹೂಂ ಅಂದೆ.

ಕಿಟಕಿ ತೆಗೆದಿಡಬಹುದು ಈಗ. ಯಾರೂ ಮುಚ್ಚುವುದಿಲ್ಲ.

ಆಗಸ್ಟ್ ೨೯

ಹೊಸ ಪಾಲುದಾರನ ಕೆಲಸ ಚುರುಕು. ವಾಪಸು ಒಂದೂ ಇಲ್ಲ. ಒಂದು ಯಂತ್ರ ಬೇಕೇ ಬೇಕು ಅಂದ, ಲ್ಯಾಬಿನ ಹೆಸರಿನಲ್ಲಿ ಕಂತಿನ ಮೇಲೆ ತೆಗೆದುಕೊಂಡೆವು. ನೀರು ಕುದಿಸುವ ಕೆಲಸ ಈಗ ಅದರದ್ದೇ. ಮಾಡಲು ನನಗೇ ಕೆಲಸ ಕಡಿಮೆ. ಊಟ ನಿಂತುಕೊಂಡೇ ಆಗುತ್ತದೆ.

ಸೆಪ್ಟೆಂಬರ್ ೨೧

ಮೊದಲಿನ ಪಾಲುದಾರರು ಮತ್ತೆ ಫೋನ್ ಮಾಡಿದ್ದರು. ಕೈಯೆಲ್ಲ ಪ್ಲಾಸ್ಟರ್ ಆಗಿತ್ತು, ಎತ್ತಲಿಲ್ಲ.

ಅಕ್ಟೋಬರ್ ೧೦

ಅವರ ಫೋನು ಈಗ ಬರುವುದಿಲ್ಲ.

ನವೆಂಬರ್ ೧೨

ಆಸ್ಪತ್ರೆಯಿಂದ ನೋಟೀಸು. ರಿಜಿಸ್ಟರ್ ಅಂಚೆ. ಅವರೇ ಸ್ವಂತ ಲ್ಯಾಬು ತೆರೆಯುತ್ತಾರಂತೆ. ಮೂವತ್ತು ದಿನಗಳ ಮುನ್ಸೂಚನೆ ಕೊಟ್ಟು ಯಾವ ಕಾರಣವನ್ನೂ ಹೇಳದೆ ಕರಾರು ಮುಗಿಸಬಹುದೆಂದು ಇದೆ, ಮುಗಿಸಿದ್ದಾರೆ. ನಾನು ವಾಪಸಿನ ಕಲಮನ್ನೇ ಕಾಯುತ್ತಾ ಕೂತಿದ್ದೆ. ಇದು ಅದರ ಕೆಳಗೇ ಇತ್ತು.

ಕಾಗದವನ್ನು ಹೊಸ ಪಾಲುದಾರನಿಗೆ ತೋರಿಸಿದೆ. ಅವನು ಓದುವಂತೆ ನಟಿಸಲೂ ಇಲ್ಲ.

"ಅಲ್ಲಿ ಲ್ಯಾಬು ನೋಡ್ಕೊಳ್ಳೋಕೆ ನನ್ನನ್ನೇ ಕರೆದಿದ್ದಾರೆ ಮೇಡಂ."

"ಯಾವಾಗಿಂದ ಗೊತ್ತಿತ್ತು?"

"ನಮ್ಮ ಕರಾರಿನಲ್ಲಿ ಅದಕ್ಕೇನೂ ಅಡ್ಡಿ ಇಲ್ಲ."

ಅವನ ಮೇಲೆ ಕೋಪ ಬರಲೆಂದು ಕಾದೆ. ಬರಲಿಲ್ಲ.

ನವೆಂಬರ್ ೧೩

ಲ್ಯಾಬಿನ ಬಾಗಿಲು ತೆಗೆಯಲಿಲ್ಲ.

ನವೆಂಬರ್ ೧೯

ಮೂಲೆ ಕ್ಲಿನಿಕ್ಕಿನ ಡಾಕ್ಟರ ಹತ್ತಿರ ಹೋಗಿ ಕೆಲಸ ಕೇಳಿದೆ. ಅವರು ಬೇರೆ ಲ್ಯಾಬಿಗೆ ಒಪ್ಪಿಸಿಬಿಟ್ಟಿದ್ದಾರೆ. ಬಯ್ಯಲಿಲ್ಲ. "ಅತ್ತಿಗೆ ಹೇಗಿದ್ದಾರೆ?" ಅಂದರು. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, ಚೆನ್ನಾಗಿದ್ದಾರೆ ಅಂದೆ.

ವಾಪಸು ಬರುತ್ತಾ ಯಾಕೋ ಮನೆಯ ಮುಂದೆಯೇ ದಾಟಿ ಹೋಗಿಬಿಟ್ಟೆ. ರಸ್ತೆಯ ಕೊನೆಗೆ ಹೋದ ಮೇಲೆ ಗೊತ್ತಾಯಿತು. ತಿರುಗಿ ಬರಲು ಕಾಲು ಬರಲಿಲ್ಲ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಬಂದ ಬಸ್ಸುಗಳನ್ನೆಲ್ಲ ಕಳಿಸಿಕೊಟ್ಟೆ. ಈ ಬದುಕಿನಲ್ಲಿ ಇನ್ನು ಹಿಡಿಯಬೇಕಾದ ಬಸ್ಸು ಯಾವುದೂ ಇಲ್ಲ ಅನ್ನಿಸಿತು. ಚಳಿಗೆ ಎದ್ದು ಬಂದೆ, ಅಷ್ಟೆ.

ನವೆಂಬರ್ ೨೬

ವಕೀಲರೇ ಕರೆಸಿದರು. ಯಂತ್ರ ಕೊಟ್ಟವರು ಕಂತು ನಿಂತಿದೆಯೆಂದು ಅವರಿಗೆ ಬರೆದಿದ್ದಾರೆ. ಹೊಸಬ ಜಾಣ, ಯಂತ್ರದ ಕಾಗದಕ್ಕೆ ಅವನ ಸಹಿಯೇ ಇಲ್ಲ, ಪಾಲು ಪಡೆದ ಪತ್ರವೂ ನೋಂದಣಿಯಾಗಿಲ್ಲ. ಕಾಗದದ ಪ್ರಕಾರ ಲ್ಯಾಬಿನ ಪಾಲುದಾರರು ಇವತ್ತಿಗೂ ಇಬ್ಬರೇ. ನಾನು ಮತ್ತು ಅತ್ತಿಗೆ. ಬಿಡುಗಡೆ ಪತ್ರಕ್ಕೆ ಸಹಿ ಬಿದ್ದಿಲ್ಲವಲ್ಲ.

"ಅಂದ್ರೆ?"

"ಅಂದ್ರೆ ಅವರು ನಿಮ್ಮನ್ನೂ ಕೇಳಬಹುದು, ನಿಮ್ಮ ಅತ್ತಿಗೆಯವರನ್ನೂ ಕೇಳಬಹುದು. ಮಗಳ ಮನೆ ಬಾಗಿಲಿಗೂ ಹೋಗಬಹುದು."

"ಹೋಗದ ಹಾಗೆ ಮಾಡೋಕೆ ಆಗಲ್ವಾ?"

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಅತ್ತಿಗೆ ಈಗ ಬಿಡುಗಡೆ ಪತ್ರಕ್ಕೆ ಒಪ್ಪಬೇಕು; ಅದರಲ್ಲಿ ಹಿಂದಿನದು, ಮುಂದಿನದು, ಯಂತ್ರ, ಬಾಡಿಗೆ, ಎಲ್ಲ ಹೊಣೆಯನ್ನೂ ನಾನೊಬ್ಬಳೇ ಹೊತ್ತಿದ್ದೇನೆಂದು ಬರೆಯಬೇಕು; ಯಂತ್ರದವರೂ ಅದಕ್ಕೆ ಹೂಂ ಅನ್ನಬೇಕು. ಲ್ಯಾಬಿನ ಸಾಮಾನೆಲ್ಲ ಅವರಿಗೆ ಬಿಟ್ಟುಕೊಟ್ಟರೆ ಅನ್ನುತ್ತಾರೆ.

"ಆದರೆ ನಿಮ್ಮ ವಕೀಲನಾಗಿ ಬೇಡ ಅಂತೀನಿ. ಇಬ್ಬರಿದ್ರೆ ಭಾರ ಅರ್ಧ. ಇದರಲ್ಲಿ ನಿಮಗೆ ಒಂದು ಪೈಸೆ ಲಾಭ ಇಲ್ಲ."

"ಬರೀರಿ," ಅಂದೆ.

ಸುಸ್ತಾಗಿತ್ತು. ವಾದ ಮಾಡುವ ಶಕ್ತಿ ಇರಲಿಲ್ಲ, ಅದಕ್ಕೇ ಇರಬೇಕು.

ಡಿಸೆಂಬರ್ ೭, ಭಾನುವಾರ

ಅಣ್ಣನ ಮಗಳ ಮನೆಗೆ ಹೋಗಿ ಬಂದೆ.

ಬಾಗಿಲು ತೆಗೆದವಳು ಒಳಗೆ ಬನ್ನಿ ಅನ್ನಲಿಲ್ಲ, ಬರಬೇಡಿ ಅಂತಲೂ ಅನ್ನಲಿಲ್ಲ. ಅತ್ತಿಗೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಇಳಿದುಹೋಗಿದ್ದಾರೆ. ಮುಖ ಬಿಗಿದುಕೊಂಡು ನಗು ಬಂದರೂ ಕಾಣುವುದಿಲ್ಲ. ದನಿಯಿಂದ ಗೊತ್ತಾಗಬೇಕು.

"ಊಟ ಆಯ್ತಾ ಮರಿ?"

ಆಯಿತು ಅಂದೆ. ಆಗಿರಲಿಲ್ಲ.

ನನ್ನ ತೊಡೆಯ ಮೇಲಿದ್ದ ಫೈಲನ್ನು ನೋಡಿದರು. ಕಣ್ಣು ಮಾತ್ರ ಮೊದಲಿನ ಹಾಗೇ ಇದೆ. "ಕಾಗದ ತಂದಿದ್ದೀಯಾ?"

"ಹೂಂ."

"ಮತ್ತೆ ಸೇರಿಸ್ಕೊಳ್ಳೋದಾ?"

ಅವರು ಅವಸರ ಅವಸರವಾಗಿ ಹೇಳತೊಡಗಿದರು. ಬೆಳಿಗ್ಗೆ ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತು ಕೈ ನಿಲ್ಲುತ್ತದಂತೆ. ಆಗ ಮೇಣದಬತ್ತಿ ಕರಗಿಸಿ ಅಭ್ಯಾಸ ಮಾಡುತ್ತಿದ್ದಾರಂತೆ. "ದವಡೆದು ಆಗಲ್ಲ. ಮೇಲಿನ ಮುಂದಿನ ಆರು ಹಲ್ಲು ಕೂರಿಸಬಲ್ಲೆ ಮರಿ. ದಿನಕ್ಕೆ ಒಂದು ಸೆಟ್ಟಾದ್ರೂ. ನಾಲ್ಕಾಣೆ ಪಾಲು ಕೊಟ್ರೂ ಸಾಕು."

ಅಣ್ಣನ ಮಗಳು ನನ್ನ ಕೈಯಿಂದ ಫೈಲು ತೆಗೆದುಕೊಂಡು ಮೊದಲ ಪುಟ ಓದಿದಳು. ಮುಂದಿನದು ಮಗುಚಲಿಲ್ಲ.

"ಸೇರಿಸ್ಕೊಳ್ಳೋದಲ್ಲ ಅಮ್ಮ. ಬಿಡಿಸೋದು."

ಅತ್ತಿಗೆಯ ಬಲಗೈ ಕುರ್ಚಿಯ ಹಿಡಿಯ ಮೇಲೆ ತನ್ನಷ್ಟಕ್ಕೆ ತಾನು ಬಡಿಯುತ್ತಿತ್ತು. ಲ್ಯಾಬು ಮುಚ್ಚಿದೆ, ಸಾಮಾನು ಹೋಗುತ್ತಿದೆ, ಈ ಕಾಗದದಿಂದ ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಅವರು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಸಾಲದಲ್ಲೂ ಅರ್ಧ ನನ್ನದಿರಲಿ ಅನ್ನುತ್ತಿದ್ದರು. ಆ ಹೆಂಗಸನ್ನು ನಾನು ಬಲ್ಲೆ.

"ಮುಗಿಸಿಬಿಡಿ ಅತ್ತೆ," ಅಂದಳು ಅಣ್ಣನ ಮಗಳು. "ಅಮ್ಮ ದಿನಾ ಕಾಯೋದಾದ್ರೂ ನಿಲ್ಲಲಿ."

ಪೆನ್ನು ಹಿಡಿಯಲು ಆಗುವುದಿಲ್ಲ. ಇಂಕ್ ಪ್ಯಾಡ್ ತಂದಿದ್ದೆ. ಅತ್ತಿಗೆಯ ಕೈ ನಾನೇ ಹಿಡಿದುಕೊಂಡೆ. ನನ್ನ ಕೈಯೊಳಗೂ ಅದು ಹೆದರಿದ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಹಿಡಿದೇ ಇದ್ದೆ. ನಿಧಾನವಾಗಿ ನಿಂತಿತು. ಪುಟಪುಟಕ್ಕೂ ಒತ್ತಿಸಿದೆ. ಮಗಳು ಸಾಕ್ಷಿ ಹಾಕಿದಳು.

ಶಾಯಿ ನನ್ನ ಬೆರಳಿಗೂ ಹತ್ತಿತ್ತು. ಅತ್ತಿಗೆ ಕರವಸ್ತ್ರ ತೆಗೆದು ಒರೆಸಲು ನೋಡಿದರು. ನಾನೇ ಒರೆಸಿಕೊಳ್ಳುತ್ತೇನೆ ಅಂದೆ. ಬಿಡಲಿಲ್ಲ. ಇನ್ನಷ್ಟು ಕಡೆ ಹರಡಿತು.

"ಹಾಗಾದ್ರೆ ಇನ್ನು ನಾನು ಹೊರಗಿನವಳು, ಅಲ್ವಾ ಮರಿ?"

"ಹೌದು ಅತ್ತಿಗೆ," ಅಂದೆ. "ಪೂರ್ತಿ."

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಪಕ್ಕದವರು ಎರಡು ಸಲ ನನ್ನ ಮುಖ ನೋಡಿ ಆಚೆ ತಿರುಗಿಕೊಂಡರು. ಕೊನೆಯ ಪುಟದ ಗುರುತು ಇನ್ನೂ ಒಣಗಿರಲಿಲ್ಲ. ಮಡಿಸಿದರೆ ಶಾಯಿ ಕದಡೀತೆಂದು, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಬಿಚ್ಚಿ ಹಿಡಿದುಕೊಂಡೇ ಬಂದೆ.